ಹನುಮಕ್ಕನ ಮುಯ್ಯಾಳು

ಮೊನ್ನೆ ರೇಷನ್ ಕಾರ್ಡಿನ ಜೆರಾಕ್ಸ್ ಹುಡುಕುತ್ತಾ ಬೀರು ತೆರೆದೆ. ಅದು ಸಿಗಲಿಲ್ಲ, ನುಸಿಗುಳಿಗೆಯ ವಾಸನೆ ಹೊತ್ತ ಬಿಳಿ ಟೋಪಿಯೊಂದು ಮೈಮೇಲೆ ಬಿತ್ತು. ಕಾಲೇಜಿನಲ್ಲಿದ್ದಾಗ ಸೇವಾ ತಂಡದಲ್ಲಿ ಕೊಟ್ಟದ್ದು. ಹಾಕಿಕೊಂಡು ನೋಡಿದೆ. ಆಗಲೂ ಕಿವಿ ಮುಚ್ಚುತ್ತಿತ್ತು, ಈಗಲೂ ಮುಚ್ಚುತ್ತದೆ. ಅಂದಿನಿಂದ ನನ್ನ ತಲೆ ಬೆಳೆದಿಲ್ಲ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ದೇಶಸೇವೆಗಾಗಿ ತಂಡ ಸೇರಿದೆ ಎಂದರೆ ನೀವು ನಂಬಬಹುದು, ನಮ್ಮಮ್ಮ ನಂಬುವುದಿಲ್ಲ. ಏಳು ದಿನ ಗೆಳತಿಯರ ಜೊತೆ ಯಾವುದೋ ಊರಿನ ಶಾಲೆಯಲ್ಲಿ ಮಲಗಿ ಹರಟುವುದೇ ನನ್ನ ಆಸೆಯಾಗಿತ್ತು. ನಾನು ಆಂಧ್ರದ ಗಡಿಯೂರು ಆದೋನಿಯ ಹತ್ತಿ ವ್ಯಾಪಾರಿಯ ಮಗಳು. ನಮ್ಮ ಮನೆಯಲ್ಲಿ ಹತ್ತಿಯ ಮಾತಿಲ್ಲದೆ ಊಟ ಮುಗಿದದ್ದಿಲ್ಲ, ಆದರೆ ಗಿಡದಿಂದ ಒಂದು ಎಳೆ ಹತ್ತಿ ಬಿಡಿಸಿದವರು ನಮ್ಮ ವಂಶದಲ್ಲೇ ಇರಲಿಲ್ಲ.

ಆಸ್ಪರಿಯಿಂದ ಆಚೆಗಿನ ಒಂದು ಹಳ್ಳಿಯಲ್ಲಿ ಶಿಬಿರ. ಬೆಳಿಗ್ಗೆ ಮಂಡಕ್ಕಿಯ ಉಗ್ಗಾಣಿ ತಿಂದು, ತೆಲುಗಿನಲ್ಲೊಂದು ಕನ್ನಡದಲ್ಲೊಂದು ಘೋಷಣೆ ಕೂಗುತ್ತಾ ಓಣಿ ಸುತ್ತುತ್ತಿದ್ದೆವು. ಊರ ನಾಯಿಗಳು ಎರಡು ಭಾಷೆಗೂ ಭೇದವಿಲ್ಲದೆ ಬೊಗಳುತ್ತಿದ್ದವು. ಶಾಲೆಯ ಎದುರಿಗೇ ಹನುಮಕ್ಕನ ಮನೆ. ಗಂಡ ಇಲ್ಲದ, ಕೂಲಿ ಮಾಡಿ ಬದುಕುವ ಹೆಂಗಸು, ಅರವತ್ತರ ಹತ್ತಿರ ವಯಸ್ಸು. ಆಕೆಯ ಬಚ್ಚಲ ನೀರು ಹರಿದು ಬಂದು ಶಾಲೆಯ ಬಾಗಿಲಲ್ಲಿ ನಿಂತು, ದಿನಕ್ಕೊಂದು ಮಗು ಜಾರಿ ಬೀಳುತ್ತಿತ್ತು. ಅವಳ ಹಿತ್ತಿಲಲ್ಲಿ ಒಂದು ಇಂಗುಗುಂಡಿ ತೋಡಬೇಕು. ಮಾತುಗಾರ್ತಿ ಎಂಬ ಹೆಸರಿದ್ದ ನನ್ನನ್ನು ಶಿಬಿರ ನಡೆಸುತ್ತಿದ್ದ ಸಾರ್ ಒಪ್ಪಿಗೆ ಕೇಳಲು ಕಳಿಸಿದರು.

"ಅವ್ವಾ, ನಿಮ್ಮನಿಗಿ ಶ್ರಮದಾನ ಮಾಡಾಕ ಬಂದೀವ್ರಿ."

ಹನುಮಕ್ಕ ಕಸ ಗುಡಿಸುವುದನ್ನು ನಿಲ್ಲಿಸಿದಳು. "ದಾನಾ? ನನಗಾ? ಕೈಕಾಲು ಗಟ್ಟಿ ಅದಾವವ್ವ ನನಗ. ದಾನ ಬೇಕಾದೋರು ಗುಡಿ ಮುಂದ ಕುಂತಿರ್ತಾರ, ಅಲ್ಲಿ ಹೋಗ್ರಿ."

ಬಾಗಿಲು ಮುಚ್ಚಿತು. "ಏಮಮ್ಮಾ, ಏಂ ಚೆಪ್ಪಿನಾವು ಆಮೆಕು?" ಆಕೆಗೆ ಏನು ಹೇಳಿದೆ ಎಂದು ಸಾರ್ ನನ್ನನ್ನೇ ಗದರಿದರು. ಹೇಳಿದ್ದು ಅವರೇ ಕಲಿಸಿದ ಮಾತು. ದಿನಕ್ಕೆ ನೂರು ಸಲ ಆಡುತ್ತಿದ್ದ ಆ ಮಾತಿನಲ್ಲಿ ಕೈಯೊಡ್ಡಬೇಕಾದವರೂ ಒಬ್ಬರಿರುತ್ತಾರೆ ಎಂದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಮತ್ತೆ ಹೋದೆ. ದಾನವಲ್ಲ, ಸುಮ್ಮನೆ ಕೆಲಸ ಎಂದೆ. "ಸುಮ್ಮನ ಯಾರರ ಕೆಲ್ಸ ಮಾಡ್ತಾರೇನು?" ಎಂದು ನಕ್ಕಳು. ಆಮೇಲೆ ತಾನೇ ದಾರಿ ತೋರಿಸಿದಳು. "ಮುಯ್ಯಾಳಂದ್ರ ಬರ್ರಿ. ನೀವು ನನ್ ಕುಣಿ ತೋಡ್ರಿ, ನಾ ನಿಮ್ ಕೆಲ್ಸಕ್ಕ ಬರ್ತೀನಿ."

ಮುಯ್ಯಾಳು ಎಂದರೆ ನಿಮಗೆ ಗೊತ್ತಿರಬಹುದು. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಕೂಲಿ ಇಲ್ಲ, ಹಂಗೂ ಇಲ್ಲ. ನಾನು ಜಾಣೆಯಂತೆ "ಆತವ್ವಾ" ಎಂದುಬಿಟ್ಟೆ. ಮುದುಕಿಯ ಸಮಾಧಾನಕ್ಕೆ ಒಂದು ಮಾತು, ಅಷ್ಟೇ ಎಂದುಕೊಂಡೆ. ಅವಳು ಮನೆಯ ಗುರುತು ಕೇಳಿದಳು. ಹತ್ತಿ ಮಾರ್ಕೆಟ್ ಹಿಂದಿನ ಓಣಿ ಎಂದೆ.

ಎರಡು ದಿನ ತೋಡಿದೆವು. ಮೊದಲ ಗಂಟೆಗೇ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. "ಗುದ್ದಲಿ ಹಿಡಿಯೋದು ಹಿಂಗಲ್ಲವ್ವ, ಕುಂಕುಮದ ಭರಣಿ ಹಿಡಿದಂಗ ಹಿಡಿದೀಯಲ್ಲ" ಎಂದು ಕಸಿದುಕೊಂಡು ಅವಳೇ ಅಗೆದಳು. ಕೊನೆಗೆ ಫೋಟೋ. ಸಾರ್ "ಲಬ್ಧಿದಾರು ಇಟು ರಂಡಿ" ಎಂದು ತೆಲುಗಿನಲ್ಲಿ ಫಲಾನುಭವಿಯನ್ನು ಇತ್ತ ಕರೆದರು. ಹನುಮಕ್ಕ ಗುದ್ದಲಿ ಹೆಗಲಿಗೇರಿಸಿ ನಿಂತಳು. ನಾನು ಸುಸ್ತಾಗಿ ಗುಂಡಿಯ ಅಂಚಿನಲ್ಲಿ ಕೂತಿದ್ದೆ. ಫೋಟೋ ನೋಡಿದವರೆಲ್ಲ ನನ್ನನ್ನೇ ಫಲಾನುಭವಿ ಎಂದುಕೊಂಡರು.

ಊರಿಗೆ ಬಂದು ನಾನು ಎಲ್ಲ ಮರೆತೆ. ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೆಟ್ಟಿಲಿಳಿದು ಬಂದರೆ ನಮ್ಮ ಬಾಗಿಲಲ್ಲಿ ಹನುಮಕ್ಕ! ಸಹಾಯ ಕೇಳಿ ಬಂದವಳೆಂದು ಅಮ್ಮ ಹಳೆಯ ಸೀರೆಯೊಂದನ್ನು ಚಾಚಿದ್ದಳು. "ತಗೋ ಅವ್ವಾ, ಹಳೇದಾದ್ರೂ ಗಟ್ಟಿ ಐತಿ."

"ಸೀರಿ ಬ್ಯಾಡ್ರಮ್ಮ. ನಿಮ್ ಮಗಳು ನನ್ ಮುಯ್ಯಾಳು. ಕೆಲ್ಸಕ್ಕ ಬಂದೀನಿ."

ಅಮ್ಮ ನನ್ನತ್ತ ತಿರುಗಿದಳು. ಸಾಹುಕಾರರ ಮಗಳು ಕೂಲಿಯಾಕೆಯ ಜೊತೆಯಾಳೇ? ಸುಳ್ಳು ಯಾಕೆ ಹೇಳಲಿ, ನನಗೆ ನಾಚಿಕೆಯಾಯಿತು. ಹನುಮಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಸುಮ್ಮನಿದ್ದರೆ ಅವಳು ಬೇಡಲು ಬಂದವಳಾಗಿ ಹಿಂದಿರುಗಬೇಕಿತ್ತು. ಆ ನೋಟಕ್ಕೆ ಹೆದರಿ, "ಹೌದಮ್ಮಾ, ನಾನ ಬಾ ಅಂದಿದ್ದೆ" ಎಂದೆ.

ಈಗ ಕೆಲಸ ಎಲ್ಲಿಂದ ತರಲಿ? ಬಟ್ಟೆಗೆ ಮಷೀನು, ಪಾತ್ರೆಗೆ ಆಳು. ಕೊನೆಗೆ ಅಟ್ಟದಿಂದ ವರ್ಷದ ಹುಣಸೆಹಣ್ಣಿನ ಚೀಲ ಇಳಿಸಿದೆ. ನಾನು ಫೋನು ಹಿಡಿದು ಕೂತರೆ ಹನುಮಕ್ಕ ಬಿಡಲಿಲ್ಲ. "ಮುಯ್ಯಾಳು ಕೆಲ್ಸ ಮಾಡೋವಾಗ ಹೊಲದಾಕಿ ಕುಂತು ನೋಡ್ತಾಳೇನು? ಬಾ." ಬೀಜ ಬಿಡಿಸುತ್ತಾ ಮಧ್ಯಾಹ್ನವಾಯಿತು. ಮಧ್ಯಾಹ್ನದ ಮೇಲೆ ಅಮ್ಮನೂ ಸೆರಗು ಸಿಕ್ಕಿಸಿಕೊಂಡು ಬಂದು ಕೂತಳು. ಇಬ್ಬರೂ ಸೇರಿ ನನ್ನ ಕೈಗೆಲಸವನ್ನು ಆಡಿಕೊಂಡು ನಕ್ಕರು.

ಸಂಜೆ ಹೊರಟವಳಿಗೆ ಅಮ್ಮ ಸೀರೆಯ ಮಾತೆತ್ತಲಿಲ್ಲ. "ಹನುಮಕ್ಕಾ, ನೀ ಒಬ್ಬಾಕಿನ ಎರಡಾಳಿನ ಕೆಲ್ಸ ಮಾಡೀದಿ. ಒಂದಾಳು ನಮ್ ಮ್ಯಾಲ ಉಳೀತು ನೋಡು" ಎಂದಳು.

"ಹಂಗಾದ್ರ ಹತ್ತಿ ಒಡೆದಾಗ ಕಳಸ್ರಿ" ಎಂದು ಹನುಮಕ್ಕ ಚಪ್ಪಲಿ ಮೆಟ್ಟಿದಳು. ಹತ್ತಿ ಒಡೆದಾಗ ನಾನು ಹೋದೆ. ಅವಳು ಕೋರಿಗೆ, ಎಂದರೆ ಬೆಳೆಯ ಪಾಲಿಗೆ, ಮಾಡುತ್ತಿದ್ದ ತುಂಡು ಹೊಲದಲ್ಲಿ ಅರ್ಧ ಹತ್ತಿ, ಅರ್ಧ ಒಣ ಎಲೆ ಬಿಡಿಸಿ ಬೈಸಿಕೊಂಡೆ. ಬೇಸಿಗೆಗೆ ಅವಳು ಬಂದಳು. ಹೀಗೇ ನಡೆದಿದೆ. ಪ್ರತಿ ಸಲ ಯಾರಾದರೂ ಒಬ್ಬರು ಬೇಕೆಂದೇ ಒಂದಾಳು ಹೆಚ್ಚು ದುಡಿಯುತ್ತಾರೆ.

ಈಗ ನಾನು ಆಫೀಸಿನವಳು. ಈ ವರ್ಷ ಹತ್ತಿ ಒಡೆದಿದೆ ಎಂದು ನಿನ್ನೆ ಹನುಮಕ್ಕನ ಫೋನು ಬಂತು. ಇವತ್ತು ಮನೆಗೆ ಬಂದರೆ ಅಮ್ಮ ಪಡಸಾಲೆಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಳು.

"ನನಗ ರಜಾ ಇಲ್ಲಮ್ಮ. ಮುಂದಿನ ವಾರ ಬರ್ತೀನಂತ ಆಕಿಗಿ ಹೇಳು" ಎಂದೆ.

ಅಮ್ಮ ತಲೆ ಎತ್ತಲಿಲ್ಲ.

"ನಿನ್ನ ಯಾರು ಕರದ್ರು? ಹನುಮಕ್ಕ ನನ್ ಮುಯ್ಯಾಳು."