ನುಚ್ಚಿನ ಜರಡಿಯ ಹೆಡ್‌ಫೋನ್

ಯಲಬುರ್ಗಾದ ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಉಳಿದ ಉಪನ್ಯಾಸಕರೆಲ್ಲ ಕೊಪ್ಪಳದಿಂದ ಓಡಾಡುವವರು. ಸಂಜೆಯ ಬಸ್ಸು ಹೋಯಿತೆಂದರೆ ಊರಿನಲ್ಲಿ ನನ್ನೊಡನೆ ಮಾತಾಡುವವರು ಯಾರೂ ಉಳಿಯುವುದಿಲ್ಲ. ಮೊದಲು ಹೀಗಿರಲಿಲ್ಲ. ಕನ್ನಡ ಕಲಿಸುತ್ತಿದ್ದ ಗೆಳತಿಯೊಬ್ಬಳು ನನ್ನ ಬಾಡಿಗೆ ಮನೆಯಲ್ಲೇ ಇದ್ದಳು. ಊಟವಾದ ಮೇಲೆ ಇಬ್ಬರೂ ಒಂದೇ ಇಯರ್‌ಫೋನನ್ನು ಕಿವಿಗೊಂದರಂತೆ ಹಂಚಿಕೊಂಡು ಹಾಡು ಕೇಳುತ್ತಿದ್ದೆವು. ಅವಳಿಗೆ ಬೀದರಿಗೆ ವರ್ಗವಾಯಿತು. ಅಲ್ಲೇ ಮದುವೆಯೂ ಆಯಿತು.

ಅವಳು ಹೋದ ಮೇಲೆ, ಮನೆಗೆ ಬಂದು ಚಪ್ಪಲಿ ಬಿಟ್ಟೆನೆಂದರೆ ಮುಂದೇನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಅಂಥ ಒಂದು ಸಂಜೆ, ಯಾರೋ ಮನೆಯಲ್ಲೇ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್ ಕಟ್ಟಿದ ಕಥೆಯನ್ನು ಇಂಟರ್‌ನೆಟ್ಟಿನಲ್ಲಿ ಓದಿದೆ. ಸಾಮಾನ್ಯ ಹೆಡ್‌ಫೋನಿನಲ್ಲಿ ಅಯಸ್ಕಾಂತವೂ ತಂತಿಯ ಸುರುಳಿಯೂ ಇರುತ್ತವೆ. ಇದರಲ್ಲಿ ಅವೆರಡೂ ಇಲ್ಲ. ತೂತುಗಳಿರುವ ಎರಡು ತಗಡುಗಳ ನಡುವೆ ತೀರಾ ತೆಳುವಾದ ಪ್ಲಾಸ್ಟಿಕ್ ಪೊರೆಯನ್ನು ಬಿಗಿದು, ಅದಕ್ಕೆ ನೂರಾರು ವೋಲ್ಟಿನ ವಿದ್ಯುತ್ ಕೊಟ್ಟಿರುತ್ತಾರೆ. ಹಾಡು ಬಂದಂತೆ ತಗಡುಗಳು ಪೊರೆಯನ್ನು ಅತ್ತ ಇತ್ತ ಎಳೆಯುತ್ತವೆ. ಮುಗಿಸಲು ತಿಂಗಳುಗಟ್ಟಲೆ ಹಿಡಿಯಿತು ಎಂದು ಆತ ಬರೆದಿದ್ದ. ಆ ಸಾಲನ್ನು ಓದಿಯೇ ನಾನೂ ಮಾಡುವುದೆಂದು ನಿಶ್ಚಯಿಸಿದೆ.

ಪೊರೆ, ನೂರಾರು ವೋಲ್ಟ್ ಕೊಡುವ ಪೆಟ್ಟಿಗೆ ಎಲ್ಲ ಹೊಂದಿಸಿಕೊಂಡೆ. ಎಲ್ಲೂ ಸಿಗದೆ ಉಳಿದದ್ದು ತೂತಿನ ತಗಡು. ಕೊನೆಗೆ ನೆನಪಾದದ್ದು ಗಂಗಾವತಿ. ಅಷ್ಟೊಂದು ಅಕ್ಕಿ ಮಿಲ್ಲುಗಳಿರುವ ಊರಿನಲ್ಲಿ ಜರಡಿ ಮಾಡುವವರು ಇರಲೇಬೇಕು. ಒಂದು ಭಾನುವಾರ ಹೋಗಿ ಹುಡುಕಿದೆ. ಚಿಕ್ಕ ಅಂಗಡಿ, ಒಳಗೆ ತಗಡಿಗೆ ತೂತು ಹೊಡೆಯುವ ಯಂತ್ರ, ಅದರ ಮುಂದೆ ಅರವತ್ತು ದಾಟಿದ ಒಬ್ಬರು. ಯಾವ ಅಕ್ಕಿಗೆ ಎಂದು ಕೇಳಿದರು. ಅಕ್ಕಿಗಲ್ಲ, ಹಾಡು ಕೇಳುವುದಕ್ಕೆ ಎಂದೆ. ಅವರು ನಗಲಿಲ್ಲ. ನಾಲ್ಕೈದು ಥರದ ತಗಡು ತೆಗೆದು ಮುಂದಿಟ್ಟರು. ನುಚ್ಚು ಸೋಸುವ ಸಣ್ಣ ತೂತಿನದು ನನಗೆ ಒಪ್ಪಿತು. ಅದರ ಮೇಲೆ ನನ್ನ ಬಳೆಯಿಟ್ಟು ದುಂಡಗೆ ಗೆರೆ ಎಳೆದು ಕೊಟ್ಟೆ. ಕಿವಿಗೆ ಎರಡರಂತೆ ನಾಲ್ಕು ಬಿಲ್ಲೆ ಕತ್ತರಿಸಿಕೊಟ್ಟರು.

ಆಮೇಲಿನ ಕೆಲಸ ಐದು ತಿಂಗಳು ಹಿಡಿಯಿತು. ತೂತಿನ ಅಂಚು ಚೂಪಾಗಿದ್ದರೆ ಕಿಡಿ ಹಾರುತ್ತದೆ. ಅದಕ್ಕೇ ಒಂದೊಂದು ಬಿಲ್ಲೆಯನ್ನೂ ಉಪ್ಪುಕಾಗದದಿಂದ ತಿಕ್ಕಿ ವಾರ್ನಿಷ್ ಬಳಿದೆ. ಪೊರೆಯನ್ನು ಹಳೆಯ ಸೈಕಲ್ ಟ್ಯೂಬಿನ ಮೇಲೆ ಅಂಟಿಸಿ, ಪಂಪಿನಿಂದ ಗಾಳಿ ತುಂಬಿ ಬಿಗಿದೆ. ಮೂರು ಸಲ ಹರಿಯಿತು. ಹರಿದಾಗ ಬೇಸರವಾಗುತ್ತಿರಲಿಲ್ಲ, ಇನ್ನೊಂದು ವಾರಕ್ಕೆ ಕೆಲಸ ಸಿಕ್ಕಿತಲ್ಲ ಎನ್ನಿಸುತ್ತಿತ್ತು. ಪೊರೆಯ ಮೇಲೆ ವಿದ್ಯುತ್ ಹರಡಿ ನಿಲ್ಲಲೆಂದು ಪೆನ್ಸಿಲಿನ ಸೀಸವನ್ನು ಪುಡಿಮಾಡಿ, ಹತ್ತಿಯಿಂದ ಪೊರೆಗೆ ಸವರಿ, ಮತ್ತೆ ಕಾಣದ ಹಾಗೆ ಒರೆಸಿದೆ.

ಒಂದು ಶನಿವಾರ ಮಧ್ಯಾಹ್ನ ಅದು ಮಾತಾಡಿತು. ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದ ಒಂದು ಹಾಡು ಹಾಕಿದ್ದೆ. ಸಾಲು ಶುರುವಾಗುವ ಮುಂಚೆ ಹಾಡುವಾಕೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಪಕ್ಕದಲ್ಲೇ ಯಾರೋ ಕೂತ ಹಾಗೆ. ಕೂಡಲೇ ಹೆಡ್‌ಫೋನ್ ತೆಗೆದು ಹಿಂದಕ್ಕೆ ತಿರುಗಿದೆ, ಕೇಳು ಬಾ ಎನ್ನಲು. ಬಾಗಿಲ ಹತ್ತಿರ ನೀರಿನ ಕೊಡ ಇತ್ತು, ಅಷ್ಟೇ.

ಗೆಳತಿಗೆ ಫೋನ್ ಮಾಡಿದೆ. ಮಗು ಅಳುತ್ತಿತ್ತು, ಹಿಂದೆ ಕುಕ್ಕರ್ ಕೂಗುತ್ತಿತ್ತು. ನಾನು ಐದು ತಿಂಗಳಿನದನ್ನು ಎರಡು ನಿಮಿಷದಲ್ಲಿ ಹೇಳಿದೆ.

"ಅಂಗಡ್ಯಾಗ ಛಲೋವು ಸಿಗ್ತಾವಲ್ಲ, ಯಾಕ ಇಷ್ಟ ತ್ರಾಸ ತಗೊಂಡಿ?" ಎಂದಳು.

ಆಮೇಲೆ ಮಾತಾಡುತ್ತೇನೆ ಎಂದು ಫೋನ್ ಇಟ್ಟಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಆ ದಿನ ನಾನು ಅಡಿಗೆ ಮಾಡಲಿಲ್ಲ.

ಮರುದಿನ ಎಲ್ಲವನ್ನೂ ರಟ್ಟಿನ ಡಬ್ಬಿಯಲ್ಲಿ ತುಂಬಿಕೊಂಡು ಗಂಗಾವತಿಯ ಬಸ್ಸು ಹತ್ತಿದೆ. ತೋರಿಸುವುದಕ್ಕೆ ಆ ಜರಡಿಯವರನ್ನು ಬಿಟ್ಟರೆ ಯಾರೂ ಹೊಳೆಯಲಿಲ್ಲ. ಅವರು ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಸ್ಟೂಲು ಕೊಟ್ಟರು. ಅವರ ಕಿವಿಗೆ ಹೆಡ್‌ಫೋನ್ ಇಟ್ಟು ಹಾಡು ಹಾಕಿದೆ. ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ಕೇಳುತ್ತಿದೆಯೇ ಎಂದು ಸನ್ನೆ ಮಾಡಿದೆ. ತೆಗೆದು ನನ್ನ ಕೈಗೆ ಕೊಟ್ಟರು.

"ಎಲ್ಲೋ ದೂರ ಗುಂಯ್ ಅಂದಂಗಾತ್ರಿ. ಸಣ್ಣ ಸದ್ದು ನನಗ ಕೇಳಂಗಿಲ್ಲ. ನಲವತ್ತ ವರ್ಷ ಈ ಮಷೀನ್ ಮುಂದ ಕುಂತೀನಿ, ಮೇಡಂ."

ಬಲಗಡೆ ಆಗಾಗ ಚಟಪಟ ಸದ್ದು ಬರುತ್ತದೆ, ಯಾಕೋ ಗೊತ್ತಾಗಿಲ್ಲ ಎಂದು ಸುಮ್ಮನೆ ಮಾತು ಬದಲಿಸಿದೆ. ಬಿಚ್ಚಿ ತೋರಿಸಲು ಹೇಳಿದರು. ವಿದ್ಯುತ್ ತೆಗೆದು, ಸ್ವಲ್ಪ ಹೊತ್ತು ಕಾದು, ಸ್ಕ್ರೂ ಬಿಚ್ಚಿ ಹೊರಗಿನ ಬಿಲ್ಲೆ ಕೊಟ್ಟೆ. ಅದನ್ನು ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ, ಬಾಗಿಲ ಬೆಳಕಿಗೆ ನೋಡಿದರು.

"ಸೊಟ್ಟ ಐತಿ. ಕೂದಲಷ್ಟು."

ಎರಡು ಮರದ ತುಂಡುಗಳ ನಡುವೆ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಮತ್ತೆ ನೋಡಿದರು, ಮತ್ತೆ ತಟ್ಟಿದರು. ಮೂರನೆಯ ಸಲಕ್ಕೆ ಸಮಾಧಾನವಾಯಿತು. ಧೂಳು ಬೀಳದಂತೆ ನಾನು ಸೆರಗು ಅಡ್ಡ ಹಿಡಿದು ಜೋಡಿಸಿದೆ.

"ಈಗ ನೀವು ಹಾಕ್ಕೊಂಡು ಕೇಳ್ರಿ. ನಾ ಕುಂತು ನೋಡ್ತೀನಿ."

ಹಾಗೇ ಮಾಡಿದೆ. ಬೀದಿಯಲ್ಲಿ ಭತ್ತದ ಟ್ರ್ಯಾಕ್ಟರುಗಳು ಹೋಗುತ್ತಿದ್ದವು. ಎರಡೂ ಕಡೆ ತೆರೆದಿರುವ ಹೆಡ್‌ಫೋನಾದ್ದರಿಂದ ಅವುಗಳ ಸದ್ದೂ ಒಳಗೆ ಬರುತ್ತಿತ್ತು. ಆದರೆ ಚಟಪಟ ಇರಲಿಲ್ಲ. ಹಾಡು ಮುಗಿಯುವವರೆಗೂ ಅವರು ಎದುರಿನ ಸ್ಟೂಲಿನಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು, ಕೆಲಸ ಸರಿಹೋಯಿತೋ ಇಲ್ಲವೋ ಎಂದು ಅಲ್ಲಿ ಬರೆದಿರುವ ಹಾಗೆ. ನಾನು ತಲೆಯಾಡಿಸಿದೆ. ಅವರೂ ತಲೆಯಾಡಿಸಿದರು. ಅಷ್ಟರಲ್ಲಿ ಮಿಲ್ಲಿನವರೊಬ್ಬರು ಹರಿದ ಜರಡಿ ಹೊತ್ತುಕೊಂಡು ಬಂದರು. ಜರಡಿಯವರು ಎದ್ದು ಯಂತ್ರದ ಕಡೆ ಹೋದರು.

ಆಮೇಲೆ ಅದನ್ನು ಬೇರೆ ಯಾರಿಗೂ ತೋರಿಸಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವಕ್ಕೆ ಸದ್ದು ಕುಗ್ಗುತ್ತದೆ. ಆಗ ಬಟ್ಟೆ ಸುತ್ತಿ ಕಪಾಟಿನಲ್ಲಿಡುತ್ತೇನೆ. ಉಳಿದ ದಿನಗಳಲ್ಲಿ ಸಂಜೆ ಒಂದು ತಾಸು ಕೇಳುತ್ತೇನೆ, ಆಮೇಲೆ ಸ್ವಿಚ್ ಆರಿಸಿ ಮರುದಿನದ ಪಾಠ ಓದಿಕೊಳ್ಳುತ್ತೇನೆ.