ಈರಮ್ಮನ ಮೇಲೆ ಹೊರಿಸಿದ ನನ್ನ ರೋಗ

ನನ್ನ ಹೆಂಡತಿ ಈರಮ್ಮನಿಗೆ ಮೂತ್ರದ ರೋಗ ಇರಲಿಲ್ಲ. ಇದ್ದದ್ದು ನನಗೆ. ಅದನ್ನು ಆಕೆಯ ಮೇಲೆ ಹೊರಿಸಿದವನು ನಾನು — ಒಂದೇ ಮಾತಿನಲ್ಲಿ, ಆಕೆಯ ಎದುರಿಗೇ. ಸುರಪುರದ ನಮ್ಮ ಓಣಿ ಆ ಮಾತನ್ನು ನಂಬಿತು. ಆಕೆ ಸತ್ತು ಏಳು ವರ್ಷವಾದರೂ ನಂಬಿಕೊಂಡೇ ಇದೆ.

ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಿಜಾಮರ ಕಾಲದಲ್ಲಿ ಸೇರಿದವನು, ಉರ್ದು ದಫ್ತರದಲ್ಲೇ ಕೈ ಪಳಗಿದವನು. ಅವರ ಆಳ್ವಿಕೆ ಮುಗಿದು, ಕೆಲವು ವರ್ಷಗಳ ಮೇಲೆ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ನನಗೆ ಐವತ್ತೊಂದು. ಹಳೆಯ ನೌಕರರಲ್ಲಿ ಯಾರನ್ನು ಇಟ್ಟುಕೊಳ್ಳುತ್ತಾರೆ, ಯಾರನ್ನು ಮನೆಗೆ ಕಳಿಸುತ್ತಾರೆ — ಕಚೇರಿಯಲ್ಲಿ ಬೇರೆ ಮಾತೇ ಇರಲಿಲ್ಲ. ಮೈಯಲ್ಲಿ ಕಸುವಿಲ್ಲದವರನ್ನು ಮೊದಲು ಕೈಬಿಡುತ್ತಾರಂತೆ ಎಂದು ಯಾರೋ ಅಂದರು. ನಿಜವೋ ಸುಳ್ಳೋ — ನಾನು ವಿಚಾರಿಸಲೂ ಇಲ್ಲ. ಹೆದರಿದೆ, ಅಷ್ಟೆ.

ಅದೇ ವರ್ಷ ನನಗೆ ಮೂತ್ರ ಕಟ್ಟಿತು. ಯಾದಗಿರಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಹೈದರಾಬಾದಿನ ದೊಡ್ಡ ದವಾಖಾನೆ ಸೇರುವಷ್ಟರಲ್ಲಿ ಹೊಟ್ಟೆ ಕಲ್ಲಾಗಿತ್ತು. ದಾರಿಯುದ್ದಕ್ಕೂ ಈರಮ್ಮ ನನ್ನ ಬೆನ್ನಿಗೆ ಕೈಯಾನಿಸಿ ಕೂತಿದ್ದಳು. ಪ್ರಾಸ್ಟೇಟ್ ಗ್ರಂಥಿ ಉಬ್ಬಿದೆ ಎಂದು ಡಾಕ್ಟರು ಕಿಬ್ಬೊಟ್ಟೆ ಕೊಯ್ದು ತೆಗೆದರು. ಮೂರು ವಾರ ರಬ್ಬರ್ ನಳಿಕೆ. ಅದನ್ನು ತೆಗೆದ ದಿನ, ಬರಲಾರೆನೆನ್ನುತ್ತಿದ್ದ ಮೂತ್ರ ನಿಲ್ಲಲಾರೆನೆಂದಿತು. ಕೆಮ್ಮಿದರೆ, ಏಳಲು ಹೋದರೆ, ನಕ್ಕರೆ — ಹನಿ ಹನಿ. ಈ ಶಸ್ತ್ರಕ್ರಿಯೆಯ ಬಳಿಕ ಹಲವರಿಗೆ ಹೀಗಾಗುತ್ತದೆ, ತಿಂಗಳುಗಟ್ಟಲೆ ಹಿಡಿಯಬಹುದು, ನೀರು ಕುಡಿಯುವುದನ್ನು ಮಾತ್ರ ಬಿಡಬೇಡಿ ಎಂದು ಡಾಕ್ಟರು ಸಮಾಧಾನವಾಗಿಯೇ ಹೇಳಿ ಕಳಿಸಿದರು.

ನಾನು ಮೊದಲು ಬಿಟ್ಟದ್ದೇ ನೀರು. ಕಚೇರಿಯಿಂದ ಬರುವವರೆಗೂ ಒಂದು ಗುಟುಕು ಕುಡಿಯುತ್ತಿರಲಿಲ್ಲ. ಅದರಿಂದ ಹನಿ ನಿಲ್ಲಲಿಲ್ಲ. ಉರಿ ಹೆಚ್ಚಿತು, ವಾಸನೆ ಹೆಚ್ಚಿತು. ನನ್ನ ಧೋತರದ ಬಟ್ಟೆ ಒರಟೆಂದು ಈರಮ್ಮ ತನ್ನ ಹಳೆಯ ಸೀರೆಗಳನ್ನು ಹರಿದು, ಎಂಟು ಮಡಿಕೆ ಮಾಡಿ, ಒಳಗೆ ಕಟ್ಟಿಕೊಳ್ಳಲು ಕೊಡುತ್ತಿದ್ದಳು. ತೊಡೆಸಂದಿಯ ಚರ್ಮ ಕಿತ್ತು ಬಂದಾಗ ಎಣ್ಣೆ ಹಚ್ಚುತ್ತಿದ್ದಳು. ದಿನಕ್ಕೆ ಹತ್ತು ಹನ್ನೆರಡು ಬಟ್ಟೆ. ಒಗೆದದ್ದನ್ನು ಹೊರಗೆ ಒಣಹಾಕಕೂಡದೆಂದು ನನ್ನ ಅಪ್ಪಣೆ. ಒಲೆಯ ಮೇಲ್ಗಡೆ ಹಗ್ಗ ಕಟ್ಟಿದಳು. ಅಲ್ಲಿ ಅವು ಸರಿಯಾಗಿ ಒಣಗುತ್ತಿರಲಿಲ್ಲ, ಹಸಿಯದನ್ನೇ ಕಟ್ಟಿಕೊಂಡು ಹೋದರೆ ನನಗೇ ತ್ರಾಸು. ಹೀಗಾಗಿ ನಾನು ಕಚೇರಿಗೆ ಹೋದ ಮೇಲೆ ಹಿತ್ತಲಲ್ಲಿ ಹರವುತ್ತಿದ್ದಳಂತೆ — ನನಗದು ಗೊತ್ತಿರಲಿಲ್ಲ.

ಈರಮ್ಮನನ್ನು ಕಾಣದವರಿಗೆ ಒಂದು ಸಂಗತಿ ಹೇಳಬೇಕು. ನಮ್ಮ ಓಣಿಯಲ್ಲಿ ಮದುವೆಗೆ ಅರಿಶಿಣ ಹಚ್ಚುವಾಗ, ಕೂಸನ್ನು ತೊಟ್ಟಿಲಿಗೆ ಹಾಕುವಾಗ ಪದ ಹೇಳುವವಳು ಆಕೆ. ಆಕೆ ಬಂದು ಕೂರುವವರೆಗೆ ಯಾರೂ ಹಾಡು ಎತ್ತುತ್ತಿರಲಿಲ್ಲ. ನನಗೆ ಕಚೇರಿ ಹೇಗೋ ಆಕೆಗೆ ಅದು ಹಾಗೆ.

ಹೊಸ ತಹಸೀಲ್ದಾರರು ದಕ್ಷಿಣದ ಕಡೆಯವರು. ಹಳೆಯ ಉರ್ದು ಕಾಗದಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ನನ್ನನ್ನೇ ಹಚ್ಚಿದ್ದರು. ಒಂದು ಮಧ್ಯಾಹ್ನ, ಹತ್ತಿರದಲ್ಲೇ ಏನೋ ತಪಾಸಣೆ ಮುಗಿಸಿ, ನಮ್ಮ ಹೆಡ್ ಗುಮಾಸ್ತರನ್ನೂ ನನ್ನನ್ನೂ ಕರೆದುಕೊಂಡು, ಮೊದಲೇ ಹೇಳದೆ, ನನ್ನ ಮನೆಗೆ ಊಟಕ್ಕೆ ಬಂದರು. ಈರಮ್ಮ ಗಡಿಬಿಡಿಯಲ್ಲೇ ರೊಟ್ಟಿ ಬಡಿದು, ಪಲ್ಯ ಮಾಡಿ ಬಡಿಸಿದಳು. ಊಟವಾದ ಮೇಲೆ ಕೈ ತೊಳೆಯಲು ಅವರು ಹಿತ್ತಲಿಗೆ ನಡೆದರು. ಅಲ್ಲಿ ಹಗ್ಗದ ತುಂಬ ಬಟ್ಟೆಗಳು — ಒಂದೇ ಅಳತೆಯವು, ಎಷ್ಟು ಒಗೆದರೂ ಹೋಗದ ಹಳದಿ ಕಲೆಯವು.

“ಮನೇಲಿ ಎಳೆ ಮಗು ಇದೆಯೇನ್ರೀ?” ಎಂದರು ತಹಸೀಲ್ದಾರರು. ಪ್ರೀತಿಯಿಂದಲೇ ಕೇಳಿದರು. ಇದ್ದ ಒಬ್ಬ ಮಗಳನ್ನು ಶಹಾಪುರಕ್ಕೆ ಕೊಟ್ಟು ಆರು ವರ್ಷವಾಗಿತ್ತು — ಹೆಡ್ ಗುಮಾಸ್ತರಿಗೆ ಅದು ಗೊತ್ತಿತ್ತು. ಅವರು ನನ್ನ ಕಡೆ ನೋಡಿದರು. ಈರಮ್ಮ ಸಾಹೇಬರ ಕೈಗೆ ತಂಬಿಗೆಯಿಂದ ನೀರು ಹಾಕುತ್ತಿದ್ದಳು.

“ಇಲ್ರಿ ಸಾಹೇಬ್ರ,” ಎಂದೆ. “ನಮ್ಮ ಮನ್ಯಾಕಿಗಿ ಉಚ್ಚಿ ಬ್ಯಾನಿ ಅದ. ತಡಿಯಂಗಿಲ್ಲ ಆಕಿಗಿ.”

ನೀರಿನ ಧಾರೆ ನಿಲ್ಲಲಿಲ್ಲ. ಅದನ್ನು ನಾನು ಇಂದಿಗೂ — ಇರಲಿ. ಧಾರೆ ನಿಲ್ಲಲಿಲ್ಲ, ಆಕೆ ತಲೆ ಎತ್ತಲಿಲ್ಲ. ಅವರು ಕೈ ತೊಳೆದು ಮುಗಿಸುವವರೆಗೂ ನೀರು ಹಾಕಿದಳು. ಸಾಹೇಬರು ಆಕೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು.

ಮುಂದೆ ಆದದ್ದು ನಾನು ಎಣಿಸದೇ ಇದ್ದದ್ದು. ಕಚೇರಿಯಲ್ಲಿ ನನಗೆ ಮಾನ ಹೆಚ್ಚಿತು. ನನ್ನ ಹತ್ತಿರ ಬಂದವರಿಗೆ ಬಡಿಯುತ್ತಿದ್ದ ವಾಸನೆಗೆ ಕಾರಣ ಸಿಕ್ಕಿತ್ತು — ಪಾಪ, ಮನೆಯಲ್ಲಿ ರೋಗಿಷ್ಟ ಹೆಂಡತಿ, ಅಡಿಗೆಯೂ ಈತನೇ ಮಾಡುತ್ತಾನೋ ಏನೋ. ಇಂಥ ಹೆಂಡತಿಯನ್ನು ಸಹನೆಯಿಂದ ನೋಡಿಕೊಳ್ಳುವವನೆಂದು ತಹಸೀಲ್ದಾರರು ನಾಲ್ಕು ಜನರ ಮುಂದೆ ನನ್ನನ್ನು ಹೊಗಳಿದರು. ನಾನು ತಲೆ ಬಗ್ಗಿಸಿ ಕೇಳಿಸಿಕೊಂಡೆ. ಆ ಹೊಗಳಿಕೆ ನನಗೆ ರುಚಿಸಿತು — ಇದನ್ನೂ ಬರೆದುಬಿಡಬೇಕು.

ಹೆಡ್ ಗುಮಾಸ್ತರ ಹೆಂಡತಿ ಶಾಂತಮ್ಮ ನಮ್ಮ ಎದುರು ಮನೆಯವಳು, ಈರಮ್ಮನನ್ನು ಅಕ್ಕ ಎಂದೇ ಕರೆದವಳು. ಅವಳ ಮಗಳಿಗೆ ತೊಟ್ಟಿಲಲ್ಲಿ ಹೆಸರಿಟ್ಟಾಗ ಹಾಡಿದ್ದವಳು ಈರಮ್ಮ. ಆ ಹುಡುಗಿಯ ಮದುವೆ ಗೊತ್ತಾಯಿತು. ಅರಿಶಿಣದ ಹಿಂದಿನ ದಿನ ಶಾಂತಮ್ಮ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು.

“ಅಕ್ಕಾ, ನೀ ಮನ್ಯಾಗೇ ಇರು. ಅಷ್ಟು ಮಂದ್ಯಾಗ ಬಂದು ಯಾಕ ತ್ರಾಸ ಮಾಡ್ಕೊಂತಿ. ಊಟ ಇಲ್ಲಿಗೇ ಕಳಸ್ತೀನಿ.”

ಒಳಕೋಣೆಯಲ್ಲಿ ನಾನಿದ್ದೆ. ಎದ್ದು ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಏಳಲು ಹೊರಟೆ ಕೂಡ — ಏಳುವಾಗ ಎಂದಿನಂತೆ ಒದ್ದೆಯಾಯಿತು. ಮತ್ತೆ ಕೂತೆ. ಶಾಂತಮ್ಮ ಹೋದಳು. ಈರಮ್ಮ ಒಳಗೆ ಬಂದು, ನನ್ನನ್ನು ನೋಡಿ, ಒಣಗಿದ ಬಟ್ಟೆಯೊಂದನ್ನು ತಂದು ಕೈಗೆ ಕೊಟ್ಟಳು. ಆಮೇಲೆ ಕೇಳಿದಳು:

“ಇದು ಇನ್ನ ಎಷ್ಟ ದಿನ್ರೀ?”

ನನ್ನ ರೋಗದ ಬಗ್ಗೆ ಕೇಳುತ್ತಿಲ್ಲವೆಂದು ನನಗೆ ತಿಳಿಯಿತು.

“ಕಾಯಂ ಹುಕುಂ ಬರೋತನ,” ಎಂದೆ.

ನನ್ನನ್ನು ನೌಕರಿಯಲ್ಲಿ ಉಳಿಸಿಕೊಂಡ ಆ ಹುಕುಂ ಬರಲು ಎಂಟು ತಿಂಗಳಾಯಿತು. ಆಕೆ ಕಾದಳು. ಮಗಳು ಶಹಾಪುರದಿಂದ ಬಂದು, ಡಾಕ್ಟರಿಗೆ ತೋರಿಸೋಣ ಬಾ ಎಂದು ಕೈ ಹಿಡಿದು ಅತ್ತಾಗಲೂ ಬಾಯಿ ಬಿಡಲಿಲ್ಲ. ಹುಕುಂ ಬಂದ ದಿನ ಕೇಳಿದ್ದು ಇಷ್ಟೇ: “ಬಂತಲ್ರಿ?” ಈಗ ಸುಳ್ಳೆಂದು ಗೊತ್ತಾದರೆ ಸಾಹೇಬರು ಏನೆಂದುಕೊಳ್ಳುತ್ತಾರೆ, ಪಿಂಚಣಿಯಾಗುವವರೆಗೆ ತಾಳು ಎಂದೆ. ಆಕೆ ಮತ್ತೆ ಕೇಳಲಿಲ್ಲ. ಪಿಂಚಣಿ ಆಯಿತು. ಆ ತಹಸೀಲ್ದಾರರು ವರ್ಗವಾಗಿ ಎಲ್ಲಿಗೋ ಹೋಗಿಯಾಗಿತ್ತು. ಡಾಕ್ಟರು ಹೇಳಿದ್ದಂತೆ ನನ್ನ ರೋಗವೂ ನಿಧಾನಕ್ಕೆ ತಗ್ಗಿ, ಜೋರಾಗಿ ಕೆಮ್ಮಿದರೆ ಮಾತ್ರ ನಾಲ್ಕು ಹನಿ ಎನ್ನುವಂತಾಗಿತ್ತು. ಹೇಳಲು ಯಾವ ಅಡ್ಡಿಯೂ ಉಳಿದಿರಲಿಲ್ಲ. ಹೇಳಲಿಲ್ಲ. ಅಷ್ಟು ವರ್ಷ ಸುಮ್ಮನಿದ್ದವನು ಈಗ ಬಾಯಿ ಬಿಟ್ಟರೆ ಓಣಿಯವರು ನನ್ನನ್ನು — ನನ್ನನ್ನು, ನನ್ನನ್ನು. ಲೆಕ್ಕವೆಲ್ಲ ನನ್ನದೇ.

ಆಕೆಯನ್ನು ಯಾರೂ ಹಾಡಲು ಕರೆಯಲಿಲ್ಲ. ಬೀಸುವಾಗಲೂ, ಕಾಳು ಹಸನು ಮಾಡುವಾಗಲೂ ಗುನುಗುತ್ತಿದ್ದವಳು ಮನೆಯೊಳಗೂ ನಿಲ್ಲಿಸಿಬಿಟ್ಟಳು. ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಳು. ಹೆಣದ ಮುಂದೆ ಕೂತು ಶಾಂತಮ್ಮ ಅತ್ತಳು. ಕಡೆಗಾದರೂ ಅಕ್ಕನಿಗೆ ಆ ತ್ರಾಸಿನಿಂದ ಬಿಡುಗಡೆಯಾಯಿತೆಂದು ನನಗೆ ಸಮಾಧಾನ ಹೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಹಿತ್ತಲಲ್ಲಿ ಆಡಿದ ಮಾತು ಹೆದರಿಕೆಯದು. ಈ ತಲೆಯಾಡಿಸಿದ್ದು — ಇದಕ್ಕೆ ಏನೆಂದು ಹೆಸರಿಡಲಿ?

ಹೋದ ವಾರ ಶಾಂತಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳಿಗೂ ವಯಸ್ಸಾಗಿದೆ, ಗಂಡ ತೀರಿಹೋಗಿದ್ದಾರೆ. ಸೊಪ್ಪು ಸೋಸುತ್ತಿದ್ದ ಕೈ ನಿಂತಿತು. ಸೊಪ್ಪನ್ನು ಪಕ್ಕಕ್ಕೆ ಸರಿಸಿ ಅಂದಳು:

“ನನ್ನ ಕೈಲೆ ಆಕೀನ್ನ ಹೊರಗ ಇಡಿಸಿದ್ರಲ್ರಿ. ಈಗ ನಾ ಯಾರ ಮುಂದ ಹೋಗಿ ತಪ್ಪಾತು ಅನ್ಲಿ?”

ಎದ್ದು ಬಂದೆ. ಅವಳೇ ಓಣಿಗೆಲ್ಲ ಹೇಳಿಬಿಡುತ್ತಾಳೆಂದು ಕಾದೆ — ಆಸೆಯಿಂದಲೇ ಕಾದೆ. ಅವಳು ಯಾರಿಗೂ ಹೇಳಿಲ್ಲ. ಈರಮ್ಮನ ಹಾಗೆ ಅವಳೂ ನನ್ನ ಮಾನ ಕಾಯುತ್ತಿದ್ದಾಳೆ. ಅದನ್ನು ತಾಳಲಾರದೆ ಇದನ್ನು ಬರೆಯಲು ಕೂತೆ.

ಆದರೆ ಈರಮ್ಮನನ್ನು ಕರೆಯದೇ ಬಿಟ್ಟ ಹೆಂಗಸರಲ್ಲಿ ಓದು ಬಲ್ಲವರು ಒಬ್ಬರೂ ಇಲ್ಲ. ಬರೆಯುವುದೂ ನನಗೆ ಅಡಗಿ ಕೂರುವ ಇನ್ನೊಂದು ಜಾಗವೆಂದು ತಿಳಿದದ್ದು ಈಗ, ಇಷ್ಟು ಬರೆದ ಮೇಲೆ. ಅವರಲ್ಲಿ ಬದುಕಿರುವವರು ಒಂಬತ್ತು ಜನ. ಒಂಬತ್ತು ಬಾಗಿಲು. ಎದ್ದು ಹೋಗಬೇಕು.