ಗಿಡ್ಡವಾದ ಹಬೆಪಾತ್ರೆ

ಜಾವಾ ದ್ವೀಪದ ನಮ್ಮ ಕ್ಲಾತೆನ್ ಊರಿನ ಓಣಿಗಳಲ್ಲಿ ತೂತುಬಿದ್ದ ಪಾತ್ರೆಯನ್ನು ಯಾರೂ ಗುಜರಿಗೆ ಹಾಕುತ್ತಿರಲಿಲ್ಲ. ಪಾಕ್ ವಗಿರನ್ ಬರುವ ತನಕ ಮೂಲೆಯಲ್ಲಿಡುತ್ತಿದ್ದರು; ಹಿರಿಯ ಗಂಡಸರನ್ನು ನಾವು ಗೌರವದಿಂದ ಪಾಕ್ ಎನ್ನುತ್ತೇವೆ, ಹೆಂಗಸರನ್ನು ಬು. ಸೈಕಲ್ಲಿಗೆ ತಗಡು, ಕತ್ತರಿ, ಸುತ್ತಿಗೆ ಕಟ್ಟಿಕೊಂಡು ಬರುತ್ತಿದ್ದ ಗಟ್ಟಿ ಆಳು ಅವನು. ಸವೆದ ತಳ ಕತ್ತರಿಸಿ, ಹೊಸ ತಗಡಿನ ಅಂಚು ಮಡಚಿ ಬಡಿದನೆಂದರೆ ಹನಿ ನೀರು ಜಿನುಗುತ್ತಿರಲಿಲ್ಲ. ಆ ಹೆಮ್ಮೆ ಅವನ ನಡಿಗೆಯಲ್ಲೇ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಬು ಪೊನಿಯೆಮ್ ಅವನ ಮುಂದೆ ತನ್ನ ಹಬೆಪಾತ್ರೆ ಕುಕ್ಕಿದಳು. ಅನ್ನ, ಬೇಯಿಸಿದ ಸೊಪ್ಪು, ಶೇಂಗಾ ಚಟ್ನಿ ಮಾರುವ ಅಂಗಡಿ ಅವಳದು. ಅನ್ನ ಬೇಯಿಸುವವಳು ಸೊಸೆ ರುಮಿನಿ.

“ತಳ ಹಾಕು ವಗಿರನ್. ನಾಳೆಯಿಂದ ಒಲೆ ಮುಂದೆ ನಾನೇ ಕೂರ್ತೀನಿ. ಇವಳು ತಂಬಾಕು ಒಣಗಿಸೋ ಕೊಟ್ಟಿಗೆಗೆ ಕೂಲಿಗೆ ಹೋಗ್ಲಿ.”

“ಯಾಕೆ ಬು, ಏನಾಯ್ತು?”

“ಅನ್ನ ಗಂಜಿ ಆಗ್ತಿದೆ. ಹಲ್ಲಿಲ್ಲದೋರಿಗೆ ಅಂಗಡಿ ಇಟ್ಟಿದ್ದೀಯಾ ಅಂತ ಗಿರಾಕಿಗಳು ಆಡ್ಕೋತಾರೆ. ಕೈಗುಣ ಅಂತ ಒಂದಿರುತ್ತಪ್ಪ!”

“ನೀರು ನೀವು ಹೇಳಿದಷ್ಟೇ ಹಾಕೋದು, ಬು,” ಎಂದಳು ರುಮಿನಿ, ತಲೆ ಎತ್ತದೆ.

ಕತ್ತರಿ ಎತ್ತಿದ ವಗಿರನ್ ಹಾಗೇ ನಿಂತ. ಆ ಪಾತ್ರೆಗೆ ವರ್ಷಗಳಿಂದ ತಳ ಹಾಕಿದವನು ಅವನೇ. ಪ್ರತಿ ಸಲವೂ ಸವೆದ ಅಂಚಿನ ಜೊತೆ ಒಂದೆರಡು ಬೆರಳಿನಷ್ಟು ಪಾತ್ರೆಯ ಮೈಯೂ ಹೋಗುತ್ತಿತ್ತು. ತೂತಿಗೆ ಸಾಬೂನು ಮೆತ್ತಿ, ರುಮಿನಿಯ ಕೈಯಲ್ಲಿ ಎಂದಿನಷ್ಟೇ ನೀರು ಹಾಕಿಸಿದ. ಅಕ್ಕಿ ತುಂಬುವ ಚೂಪು ತಳದ ಬಿದಿರುಬುಟ್ಟಿಯನ್ನು ಪಾತ್ರೆಯ ಬಾಯಿಗಿಟ್ಟು ಮತ್ತೆ ಎತ್ತಿದ. ತುದಿಯಿಂದ ನೀರು ತೊಟ್ಟಿಕ್ಕಿತು.

ಸುಮ್ಮನೆ ತಳ ಹಾಕಿ ಹೋಗಿದ್ದರೆ ಕೇಳುವವರು ಯಾರೂ ಇರಲಿಲ್ಲ.

“ಬು, ತಪ್ಪು ಸೊಸೇದಲ್ಲ, ನಂದು. ತಳ ಹಾಕಿ ಹಾಕಿ ಪಾತ್ರೆ ಗಿಡ್ಡ ಮಾಡಿಬಿಟ್ಟಿದ್ದೀನಿ. ಬುಟ್ಟಿ ತುದಿ ನೀರಿಗೆ ಮುಟ್ಟಿ, ಹಬೇಲಿ ಬೇಯಬೇಕಾದ ಅನ್ನ ನೀರಲ್ಲಿ ನೆನೀತಿದೆ.”

“ನಿನ್ನ ಸುತ್ತಿಗೆ ಮಾಡಿದ ಕೆಲಸಕ್ಕೆ ನಾನು ಇವಳನ್ನ ಬೈದೆನಾ? ದರ್ಜಿ ಕೈಗೆ ಕೊಟ್ಟಿದ್ರೂ ಇಷ್ಟು ಮೋಟು ಮಾಡ್ತಿರಲಿಲ್ಲ!” ಪೊನಿಯೆಮ್‌ಳ ದನಿ ಓಣಿಗೆಲ್ಲ ಕೇಳಿಸಿತು.

ವಗಿರನ್ ಬೈಸಿಕೊಳ್ಳುತ್ತಲೇ ತಗಡಿನ ಪಟ್ಟಿ ಸುತ್ತಿ, ಪಾತ್ರೆ ಕಳೆದುಕೊಂಡ ಎತ್ತರವನ್ನು ಮರಳಿಸಿ, ಅದರ ಕೆಳಗೆ ತಳ ಕೂರಿಸಿದ. ಹೊಸದು ಕೊಂಡಿದ್ದರೆ ಈ ಗೋಳೇ ಇರುತ್ತಿರಲಿಲ್ಲ ಎನ್ನುವವರಿದ್ದಾರೆ. ಹಳೆಯದನ್ನು ಉಳಿಸುವವನು, ಉಳಿಸುವಾಗ ತಾನು ಕತ್ತರಿಸಿ ಎಸೆದದ್ದೇನು ಎಂಬುದನ್ನೂ ನೋಡಿಕೊಳ್ಳಬೇಕು; ನನ್ನ ತಿಳಿವಳಿಕೆ ಇಷ್ಟೇ.

ಮರುದಿನ ಅನ್ನ ಬಿಡಿಬಿಡಿಯಾಗಿತ್ತು. ಪೊನಿಯೆಮ್ ಕ್ಷಮೆ ಕೇಳುವ ಪೈಕಿಯವಳಲ್ಲ. “ಗಿರಾಕಿಗಳು ಕಾಯ್ತಿದ್ದಾರೆ, ಬೇಗ ಬೇಗ ಬಡಿಸೇ ತಾಯಿ!” ಎಂದು ಒಲೆಯತ್ತ ಕೂಗಿದಳು. ಹೊಗೆಯ ನಡುವೆ ರುಮಿನಿ ನಕ್ಕಳು.

ಆಚೆ ಬೀದಿಯಲ್ಲಿ ವಗಿರನ್ ಮನೆಮನೆಯ ಬಾಗಿಲು ತಟ್ಟುತ್ತಿದ್ದ: “ಬು, ನಾನು ತಳ ಹಾಕಿದ ಪಾತ್ರೆ ಸ್ವಲ್ಪ ತೋರಿಸ್ತೀರಾ? ಅನ್ನ ಮೆತ್ತಗಾಗ್ತಿದ್ರೆ ಮನೇಲಿ ಯಾರನ್ನೂ ಬೈಯಬೇಡಿ.”